ಬಿಲ್ಲಿನಲ್ಲಿ ಹೆಸರು ಅಂಗಡಿಯದ್ದು, ಬೈಗುಳ ಮಾತ್ರ ಫಿಟ್ಟರ್ ಹುಡುಗನಿಗೆ



ಉದ್ದದ ಪೋಸ್ಟ್ ಇದು, ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ವಿಷಯ ಮಾಡ್ಯುಲರ್ ಕಿಚನ್. ಹೋದ ವಾರ ನಮ್ಮ ಮನೆಯ ಒಡೆದ ಅಡುಗೆಮನೆ ಫೋಟೋ ಹಾಕಿದಾಗ ಇಬ್ಬರು ಸಂಗಾತಿಗಳು "ಏನಣ್ಣಾ, ಹೋರಾಟ ಬಿಟ್ಟು ಕಿಚನ್ ಹಿಡಿದಿದ್ದೀಯಾ" ಅಂತ ಕಾಲೆಳೆದರು. ಅವರಿಗೂ ಸೇರಿಸಿಯೇ ಉತ್ತರ ಕೊಡ್ತಿದ್ದೀನಿ.

ನನ್ನ ವಾದ ಇಷ್ಟೇ. ದೊಡ್ಡ ದೊಡ್ಡ ಅಂಗಡಿಗಳು ನಡೆಸ್ತಿರುವ ಈ "ಕಿಚನ್ ರಿನೋವೇಷನ್ ಸರ್ವಿಸ್" ಅನ್ನೋದು ಗುತ್ತಿಗೆ ಪದ್ಧತಿಯ ಇನ್ನೊಂದು ಮುಖ. ದುಡ್ಡು ತಗೊಳ್ಳುವಾಗ ಅಂಗಡಿ ಮುಂದೆ ನಿಂತಿರುತ್ತೆ. ಕೆಲಸ ಕೆಟ್ಟಾಗ ಗುತ್ತಿಗೆದಾರನನ್ನು ಮುಂದೆ ತಳ್ಳುತ್ತೆ. ನಡುವೆ ಸಿಕ್ಕಿ ಬೈಸಿಕೊಳ್ಳೋದು ಡ್ರಿಲ್ಲಿಂಗ್ ಮಷೀನ್ ಹಿಡಿದ ಹುಡುಗ. ಈ ಆಟ ನಮ್ಮ ಜನಕ್ಕೆ ಹೊಸದಲ್ಲ. ಪೌರಕಾರ್ಮಿಕರ ಮನೆಯಲ್ಲಿ ಹುಟ್ಟಿದ ಯಾರನ್ನಾದರೂ ಕೇಳಿ, ಎರಡು ನಿಮಿಷದಲ್ಲಿ ಅರ್ಥ ಮಾಡಿಸ್ತಾರೆ.

ನಡೆದದ್ದು ಹೇಳ್ತೀನಿ. ಅಂಗಡಿ ಹೆಸರು ಹಾಕಲ್ಲ, ಕೇಸು ಆಯೋಗದ ಮುಂದಿದೆ.

ನಾವಿರೋದು ತುಮಕೂರು, ಅಂಗಡಿ ಇರೋದು ಬೆಂಗಳೂರು. ಬೋರ್ಡಿನಲ್ಲಿ "ಸಂಪೂರ್ಣ ಕಿಚನ್, ಪ್ಯಾಕೇಜ್ ದರ" ಅಂತಿತ್ತು. ಸೊಸೈಟಿ ಸಾಲ ತೆಗೆದು, ಹೆಂಡತಿಯ ಚೀಟಿ ದುಡ್ಡು ಸೇರಿಸಿ ಹೋದೆವು. ಸಂಪೂರ್ಣ ಅಂದರೆ ಏನು ಅಂತ ಆಮೇಲೆ ಒಂದೊಂದಾಗಿ ತಿಳೀತು. ಗ್ರಾನೈಟ್ ಬೇರೆ. ಹಳೇ ಕಲ್ಲು ಒಡೆಯೋದು ಬೇರೆ, ಒಡೆದ ಕಸ ಸಾಗಿಸೋದು ಇನ್ನೂ ಬೇರೆ. ನಲ್ಲಿ ಪೈಪ್ ಕೆಲಸ, ಕರೆಂಟ್ ಪಾಯಿಂಟ್, ಚಿಮಣಿ ಪೈಪು, ಸಿಂಕು ಎಲ್ಲವೂ ಬೇರೆ ಬೇರೆ. ಮೇಲೆ ಜಿಎಸ್‌ಟಿ. 2 ಲಕ್ಷ 40 ಸಾವಿರ ಅಂದದ್ದು 3 ಲಕ್ಷ 35 ಸಾವಿರಕ್ಕೆ ಬಂದು ನಿಂತಿತು.

45 ದಿನದಲ್ಲಿ ಮುಗಿಸ್ತೀವಿ ಅಂದಿದ್ದರು. ಮೊದಲ ವಾರವೇ ಬಂದು ಹಳೇ ಕಟ್ಟೆ ಒಡೆದು ಹೋದರು. ಒಡೆಯೋದರಲ್ಲಿ ಇದ್ದ ಉತ್ಸಾಹ ಕಟ್ಟೋದರಲ್ಲಿ ಇರಲಿಲ್ಲ. ಐದು ತಿಂಗಳು ನನ್ನ ಹೆಂಡತಿ ಹಾಲ್‌ನಲ್ಲಿ ಒಂದೇ ಒಲೆಯ ಮೇಲೆ ಅಡುಗೆ ಮಾಡಿದ್ದಾಳೆ, ಬಚ್ಚಲಲ್ಲಿ ಕೂತು ಪಾತ್ರೆ ತೊಳೆದಿದ್ದಾಳೆ. ಕೊನೆಗೆ ಬಂದ ಡ್ರಾಯರ್‌ಗಳು ಮೂಲೆಯ ನೀರಿನ ಪೈಪಿಗೆ ತಾಗಿ ತೆರೆಯೋದೇ ಇಲ್ಲ. ಅಳತೆ ತಗೊಂಡವನು ಒಂದು ಏಜೆನ್ಸಿ, ಪೆಟ್ಟಿಗೆ ಕತ್ತರಿಸಿದ್ದು ಇನ್ನೊಂದು ಫ್ಯಾಕ್ಟರಿ, ಜೋಡಿಸೋಕೆ ಬಂದವನು ಮೂರನೇ ಗುತ್ತಿಗೆದಾರನ ಹುಡುಗ. ಯಾರ ತಪ್ಪು? ಯಾರದ್ದೂ ಅಲ್ಲವಂತೆ!

ದೂರು ಕೊಟ್ಟರೆ ಟಿಕೆಟ್ ನಂಬರ್ ಬರುತ್ತೆ. ಮೂರು ದಿನ ಬಿಟ್ಟು "ನಿಮ್ಮ ಸಮಸ್ಯೆ ಬಗೆಹರಿದಿದೆ, 5 ಸ್ಟಾರ್ ಕೊಡಿ" ಅಂತ ಮೆಸೇಜ್. ಯಾರೂ ಮನೆಗೆ ಬಂದಿರಲ್ಲ, ಸಮಸ್ಯೆ ಬಗೆಹರಿದಿರುತ್ತೆ. ನಾನು ಹದಿನೆಂಟು ವರ್ಷದಿಂದ ಗುಮಾಸ್ತನ ಕೆಲಸ ಮಾಡ್ತಿದ್ದೀನಿ. ಫೈಲು ಯಾವ ಟೇಬಲ್ಲಿನ ಮೇಲೆ, ಯಾಕೆ ಕೂರುತ್ತೆ ಅಂತ ನನಗೆ ಗೊತ್ತು. ಸರ್ಕಾರಿ ಕಚೇರಿಯಲ್ಲಾದರೂ ಅರ್ಜಿ ಕೊಟ್ಟರೆ ಸ್ವೀಕೃತಿ ಸೀಲು ಹಾಕಿಸ್ಕೊಳ್ಳಬಹುದು, ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಇಲ್ಲಿ ಟೇಬಲ್ಲೇ ಇಲ್ಲ. ಫೋನ್ ತೆಗೆಯುವ ಹುಡುಗಿ ಇನ್ನೊಂದು ಊರಿನ ಕಾಲ್ ಸೆಂಟರಿನಲ್ಲಿ ಕೂತಿರ್ತಾಳೆ. ಅವಳೂ ಗುತ್ತಿಗೆ ನೌಕರಿಯವಳೇ.

ಈಗ ಈ ವ್ಯವಹಾರದ ಒಳಗುಟ್ಟು ನೋಡಿ.

ಹಣ ಕಟ್ಟುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತೆ: ಬುಕಿಂಗ್‌ಗೆ ಒಂದಷ್ಟು, ಫ್ಯಾಕ್ಟರಿಗೆ ಆರ್ಡರ್ ಹಾಕುವ ಮೊದಲು ಅರ್ಧದಷ್ಟು, ಸಾಮಾನು ಲಾರಿ ಹತ್ತುವ ಮೊದಲು ಉಳಿದದ್ದು ಪೂರ್ತಿ. ಅಂದರೆ ನಿಮ್ಮ ಮನೆಯ ಗೋಡೆಗೆ ಮೊದಲ ಮೊಳೆ ಬೀಳುವ ಹೊತ್ತಿಗೆ ನಿಮ್ಮ ಕೈಯಲ್ಲಿ ಒಂದು ರೂಪಾಯಿ ಹಿಡಿತವೂ ಉಳಿದಿರಲ್ಲ. ನಮ್ಮೂರಿನ ಬಡಗಿಗೆ ಕೆಲಸ ನೋಡಿ ಕೊನೆಯ ಕಂತು ಕೊಡ್ತೀವಿ. ಅವನ ಮೇಲೆ ನಂಬಿಕೆ ಇಲ್ಲ, ಬ್ರ್ಯಾಂಡಿನ ಮೇಲೆ ಮಾತ್ರ ಪೂರ್ತಿ ನಂಬಿಕೆ ಇಡಬೇಕು. ಇದು ಎಲ್ಲಿಯ ನ್ಯಾಯ?

ಎರಡನೆಯದು ಹಲಗೆ. ಮೇಲೆ ಹೊಳೆಯುವ ಲ್ಯಾಮಿನೇಟ್ ಇರುತ್ತೆ, ಒಳಗೆ ಏನಿದೆ ಅಂತ ಕೇಳಿ. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರನ್ನು ಅಂಟು ಹಾಕಿ ಒತ್ತಿದ್ದು. ಸಿಂಕಿನ ಕೆಳಗೆ ನೀರು ಜಿನುಗಿದರೆ ರಸ್ಕಿನ ಹಾಗೆ ಊದಿಕೊಳ್ಳುತ್ತೆ. ನೀರಿಗೆ ತಡೆಯೋ ಪ್ಲೈವುಡ್ ಬೇಕು ಅಂದರೆ ಐಎಸ್ 710 ಮುದ್ರೆ ನೋಡಬೇಕು. ಐಎಸ್ 303 ಅಂತ ಇದ್ದರೆ ಅದು ಯಾವ ಗ್ರೇಡು ಅಂತ ಕೇಳಬೇಕು, ಅದರಲ್ಲಿ ಬರೀ ತೇವ ತಡೆಯೋದೂ ಇದೆ, ಕುದಿಯೋ ನೀರು ತಡೆಯೋದೂ ಇದೆ. ನಮಗೆ ಕೊಟ್ಟ ಕೊಟೇಷನ್‌ನಲ್ಲಿ "ಪ್ರೀಮಿಯಂ ಬೋರ್ಡ್" ಅಂತ ಮಾತ್ರ ಬರೆದಿತ್ತು. ವಾರಂಟಿ ಹತ್ತು ವರ್ಷ. ಆದರೆ ಸಣ್ಣಕ್ಷರದಲ್ಲಿ, ನೀರಿನಿಂದ ಆದ ಹಾನಿಗೆ ವಾರಂಟಿ ಇಲ್ಲ. ನೀರು ತಾಗದ ಅಡುಗೆಮನೆ ಈ ಭೂಮಿ ಮೇಲೆ ಎಲ್ಲಿದೆ ಸ್ವಾಮಿ?

ಮೂರನೆಯದು ಡಿಸೈನು. ಇಲ್ಲಿ ಸ್ವಲ್ಪ ನಿಲ್ಲಿ.

ಡಿಸೈನರ್ ಕೇಳಿದ ಮೊದಲ ಪ್ರಶ್ನೆ, "ಸರ್, ಪ್ಯೂರ್ ವೆಜ್ಜಾ?" ಎರಡನೆಯದು, "ಪೂಜಾ ಯೂನಿಟ್ ಯಾವ ದಿಕ್ಕಿಗೆ?" ನಾವು ಮಾಂಸ, ಮೀನು ಎಲ್ಲ ಮಾಡ್ತೀವಿ, ಹಿತ್ತಲ ಬಾಗಿಲ ಹತ್ತಿರ ಮೀನು ತೊಳೆಯೋಕೆ ಇನ್ನೊಂದು ಸಿಂಕು ಬೇಕು, ಬಾಡೂಟದ ದೊಡ್ಡ ಪಾತ್ರೆ ಇಡೋಕೆ ಕೆಳಗೆ ಜಾಗ ಬೇಕು ಅಂದೆವು. ಕಂಪ್ಯೂಟರಿನಲ್ಲಿ ಬಂದ ಚಿತ್ರದಲ್ಲಿ ಅದ್ಯಾವುದೂ ಇರಲಿಲ್ಲ, ಗಣಪತಿ ಕೂರಿಸೋ ಗೂಡು ಮಾತ್ರ ಇತ್ತು. ಅದು ತೆಗೆದು ಮಿಕ್ಸಿಗೆ ಜಾಗ ಕೊಡಿ ಅಂದದ್ದಕ್ಕೆ "ಡಿಸೈನ್ ಬದಲಾವಣೆ ಶುಲ್ಕ" ಅಂತ ನಾಲ್ಕು ಸಾವಿರ ಸೇರಿಸಿದರು.

ಇದನ್ನು ಸಣ್ಣ ವಿಷಯ ಅನ್ನಬೇಡಿ. ಈ ರಾಜ್ಯದಲ್ಲಿ 2021ರಲ್ಲಿ ಶಾಲೆಯ ಮಕ್ಕಳ ತಟ್ಟೆಗೆ ಮೊಟ್ಟೆ ಹಾಕ್ತೀವಿ ಅಂದಾಗ ಮಠಾಧೀಶರು ಬೀದಿಗೆ ಇಳಿದದ್ದು ನೆನಪಿದೆ ತಾನೇ? ಅಡುಗೆಮನೆ ಅಂದರೆ ಜಾತಿ ಬಾಗಿಲು ಹಾಕಿಕೊಂಡು ಕೂರುವ ಜಾಗ. ನನ್ನ ಅವ್ವ ಗೌಡರ ಮನೆಯ ಹಿತ್ತಲಲ್ಲಿ ಮೂವತ್ತು ವರ್ಷ ಪಾತ್ರೆ ಬೆಳಗಿದಳು. ಆ ಪಾತ್ರೆ ಇಡುವ ಅಡುಗೆಮನೆಯ ಹೊಸಿಲು ಒಂದು ದಿನವೂ ದಾಟಲಿಲ್ಲ. ಅಂಥವಳ ಮಗ ದುಡ್ಡು ಕೊಟ್ಟು ತನ್ನ ಮನೆಯಲ್ಲಿ ಕಟ್ಟಿಸುವ ಅಡುಗೆಮನೆಯೂ ಬೇರೆಯವರ ಊಟದ ಅಳತೆಗೇ ಇರಬೇಕಾ?

ಅವರು ನನ್ನ ಜಾತಿ ನೋಡಿ ಕೆಲಸ ಕೆಡಿಸಿದರು ಅಂತ ನಾನು ಹೇಳ್ತಿಲ್ಲ. ಈ ಮೋಸ ಎಲ್ಲರಿಗೂ ಮಾಡ್ತಾರೆ. ಆದರೆ ಎಲ್ಲರಿಗೂ ಒಂದೇ ಥರ ತಾಗಲ್ಲ. ಪಕ್ಕದ ರಸ್ತೆಯಲ್ಲಿ ಒಬ್ಬರಿಗೆ ಹೀಗೇ ಆಯ್ತು. ಅವರ ಭಾವಮೈದ ವಕೀಲ, ಒಂದೇ ನೋಟೀಸಿಗೆ ಮ್ಯಾನೇಜರ್ ಓಡಿ ಬಂದ. ನಮ್ಮಲ್ಲಿ ಮೊದಲ ಸಲ ಸಂಬಳ ಕಂಡವರು, ಮೊದಲ ಸಲ ಸಾಲ ಮಾಡಿ ಇಂಥದ್ದು ತಗೊಂಡವರು ಜಾಸ್ತಿ. ಅಂಗಡಿಯ ಗಾಜಿನ ಬಾಗಿಲು ತೆರೆದಾಗ ನಮ್ಮವರ ದನಿ ತಾನಾಗೇ ಇಳಿಯುತ್ತೆ. ಕಸ್ಟಮರ್ ಆಗಿದ್ದರೂ "ಸರ್, ದಯವಿಟ್ಟು ಸ್ವಲ್ಪ ನೋಡಿ ಸರ್" ಅಂತೀವಿ. ಆ ಇಳಿದ ದನಿಯ ಮೇಲೇ ಇವರ ವ್ಯಾಪಾರ ನಡೀತಿದೆ.

ಈಗ ಆ ಫಿಟ್ಟರ್ ಹುಡುಗನ ಕಥೆ ಕೇಳಿ. ಉತ್ತರ ಪ್ರದೇಶದವನು, ಇಪ್ಪತ್ತೆರಡು ವಯಸ್ಸಿರಬಹುದು. ದಿನಗೂಲಿ ಅಲ್ಲ, ಜೋಡಿಸಿದ ಪೆಟ್ಟಿಗೆ ಲೆಕ್ಕ. ಗ್ರಾಹಕರ ಮನೆಯ ಶೌಚಾಲಯ ಬಳಸಬಾರದು ಅಂತ ಅವನಿಗೆ ತಾಕೀತು. ಕೆಲವು ಮನೆಗಳಲ್ಲಿ ಕುಡಿಯೋಕೆ ನೀರು ಕೇಳಿದರೆ ಹೊರಗಿನ ನಲ್ಲಿ ತೋರಿಸ್ತಾರಂತೆ. ಯಾವ ಜಾತಿ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಗೋಡೆಯ ಮೇಲಿದ್ದ ಬಾಬಾಸಾಹೇಬರ ಫೋಟೋ ನೋಡಿ ಕೈಮುಗಿದ, ಅಷ್ಟು ಸಾಕು. ಹೋಗುವಾಗ "ಭಯ್ಯಾ, ಐದು ಸ್ಟಾರ್ ಕೊಡಿ, ಇಲ್ಲಾಂದ್ರೆ ನನ್ನ ದುಡ್ಡು ಹಿಡೀತಾರೆ" ಅಂದ. ಡ್ರಾಯರ್ ತೆರೆಯದೆ ಇರೋದಕ್ಕೆ ಶಿಕ್ಷೆ ಅವನಿಗೆ. ಅಳತೆ ತಪ್ಪಾದದ್ದು ಅವನು ನಮ್ಮ ಊರು ನೋಡೋ ಮುಂಚೆಯೇ.

ಇದೇ ಗುತ್ತಿಗೆ ಪದ್ಧತಿ. ಪೌರಕಾರ್ಮಿಕರಿಗೆ ಸಂಬಳ ಬರದೆ ಇದ್ದಾಗ ನಗರಸಭೆಗಳು ಏನು ಹೇಳುತ್ತಿದ್ದವು? "ನಾವು ಗುತ್ತಿಗೆದಾರನಿಗೆ ಕೊಟ್ಟಿದ್ದೀವಿ, ಅವನನ್ನು ಕೇಳಿ." ಊರು ಗುಡಿಸೋದು ನಗರಸಭೆಯ ಕೆಲಸ, ಗುಡಿಸುವವರ ಹೊಟ್ಟೆ ಮಾತ್ರ ಗುತ್ತಿಗೆದಾರನ ಜವಾಬ್ದಾರಿ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಪ್ರಧಾನ ಮಾಲೀಕನೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಬರೆದಿತ್ತು. ಬರೆದದ್ದು ಕಾಗದದಲ್ಲೇ ಉಳೀತು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತಾಗ ಸರ್ಕಾರ ಖಾಯಮಾತಿಗೆ ಒಪ್ಪಲೇಬೇಕಾಯ್ತು. ಅವರು ಕಲಿಸಿದ ಪಾಠ ಒಂದೇ: ನಡುವಿನವನ ಜೊತೆ ಜಗಳ ಆಡಬೇಡಿ, ಕೆಲಸ ಯಾರದ್ದೋ ಅವರ ಬಾಗಿಲಿಗೆ ಹೋಗಿ.

ಹಾಗಾಗಿ ಅಡುಗೆಮನೆ ಕೆಟ್ಟರೆ ಫಿಟ್ಟರ್ ಹುಡುಗನ ಮೇಲೆ ಕೂಗಬೇಡಿ. ನಮ್ಮಲ್ಲೂ ಕೆಲವರು ಕೂಗ್ತಾರೆ, ನಾನು ನೋಡಿದ್ದೀನಿ. ಜೀವಮಾನವೆಲ್ಲ ಬೈಸಿಕೊಂಡವರಿಗೆ ಬೈಯೋಕೆ ಒಬ್ಬ ಸಿಕ್ಕರೆ ಒಳಗೊಳಗೇ ಒಂದು ಸುಖ ಇರುತ್ತೆ. ಆ ಸುಖ ನಮ್ಮದಲ್ಲ, ಯಜಮಾನರು ಬಿಟ್ಟುಹೋದ ಎಂಜಲು ಅದು.

ಬಿಲ್ಲಿನ ಮೇಲೆ ಯಾರ ಹೆಸರಿದೆ ಅವರನ್ನು ಕೇಳಿ. ಹೇಗೆ ಅಂದರೆ:

ಒಂದು, ಬಾಯಿಮಾತು ನಂಬಬೇಡಿ. ಹಲಗೆಯ ಹೆಸರು, ಐಎಸ್ ನಂಬರು, ಮುಗಿಸುವ ದಿನಾಂಕ, ಏನೇನು ಸೇರಿಲ್ಲ ಅನ್ನೋದೆಲ್ಲ ಕೊಟೇಷನ್‌ನಲ್ಲೇ ಬರೆಸಿ. ಫೋನಿನಲ್ಲಿ ಹೇಳಿದ್ದನ್ನು ಅದೇ ದಿನ ಇಮೇಲ್‌ನಲ್ಲಿ "ನೀವು ಹೀಗೆ ಹೇಳಿದಿರಿ" ಅಂತ ಕಳಿಸಿ. ಕೊನೆಯ ಕಂತು ಜೋಡಣೆ ಮುಗಿದ ಮೇಲೆ ಅಂತ ಹಟ ಹಿಡಿಯಿರಿ. ಒಪ್ಪದಿದ್ದರೆ ಎದ್ದು ಬನ್ನಿ.

ಎರಡು, 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ಕೇಸು ಅಲ್ಲೇ ಮುಗಿಯುತ್ತೆ.

ಮೂರು, ಆಗಲಿಲ್ಲ ಅಂದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿಯ ಆಫೀಸು ಬೆಂಗಳೂರಲ್ಲಿರಲಿ, ದೆಹಲಿಯಲ್ಲಿರಲಿ, ಅವರೇ ಬರಬೇಕು. ನೀವು ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಎರಡು ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮೊಬೈಲಿನಿಂದಲೇ ಹಾಕಬಹುದು. ಒಪ್ಪಂದದಲ್ಲಿ "ಮಧ್ಯಸ್ಥಿಕೆಗೇ ಹೋಗಬೇಕು" ಅಂತ ಬರೆದಿದ್ದರೂ ಹೆದರಬೇಡಿ. ಅಂಥ ಷರತ್ತು ಗ್ರಾಹಕರನ್ನು ಆಯೋಗಕ್ಕೆ ಹೋಗದಂತೆ ತಡೆಯಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ನಾನು ಹಾಕಿದ್ದೀನಿ. ನೋಟೀಸ್ ಹೋಗಿದೆ. ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ. ವಾಸ್ತವದಲ್ಲಿ ಎಳೆಯುತ್ತೆ ಅಂತ ಗೊತ್ತು. ಎಳೆಯಲಿ, ವಾಯಿದೆಗೆ ಹೋಗೋದು ನಮಗೇನು ಹೊಸದಾ? ದೂರಿನಲ್ಲಿ ಫಿಟ್ಟರ್ ಹೆಸರಿಲ್ಲ. ಎದುರುದಾರ ಅಂಗಡಿ ಮಾತ್ರ.

ಕಾಲೆಳೆದ ಸಂಗಾತಿಗಳಿಗೆ ಕೊನೆಯ ಮಾತು. ಕೊಲೆ, ಬಹಿಷ್ಕಾರ, ಅತ್ಯಾಚಾರದ ನಡುವೆ ಕಿಚನ್ ದೊಡ್ಡದಾ ಅಂತ ಕೇಳಿದಿರಿ. ಸಂವಿಧಾನದ 15(2)ನೇ ವಿಧಿ ತೆಗೆದು ನೋಡಿ. ಯಾವ ನಾಗರಿಕನಿಗೂ ಪ್ರವೇಶ ತಡೆಯಬಾರದು ಅನ್ನುವ ಜಾಗಗಳ ಪಟ್ಟಿಯಲ್ಲಿ ಮೊಟ್ಟಮೊದಲು ಇರುವ ಪದವೇ ಅಂಗಡಿ. ಅಂಗಡಿ ಮುಂದೆ ದೂರ ನಿಂತು, ದುಡ್ಡು ನೆಲದ ಮೇಲಿಟ್ಟು, ಸಾಮಾನು ಎಸೆಸಿಕೊಂಡವರು ನಮ್ಮ ತಾತಂದಿರು. ಬಾಗಿಲು ದಾಟಿದ್ದು ಅರ್ಧ ಕೆಲಸ. ಒಳಗೆ ಹೋಗಿ ಕೊಟ್ಟ ದುಡ್ಡಿಗೆ ಲೆಕ್ಕ ಕೇಳೋದು ಇನ್ನರ್ಧ.

ಇದೇ ಥರ ಮೋಸ ಹೋದವರು ಕಾಮೆಂಟ್‌ನಲ್ಲಿ ಬರೆಯಿರಿ. ದೂರಿನ ಕನ್ನಡ ಮಾದರಿ ನಾನು ಟೈಪ್ ಮಾಡಿ ಇಟ್ಟಿದ್ದೀನಿ, ಬೇಕಾದವರಿಗೆ ಕಳಿಸ್ತೀನಿ. ಭಾನುವಾರ ಬೆಳಿಗ್ಗೆ ಕಾಗದಪತ್ರ ತಂದರೆ ಕೂತು ತುಂಬಿಸಿಕೊಡ್ತೀನಿ, ಫೀಸಿಲ್ಲ. ಚಹಾ ಮಾತ್ರ ಹಾಲ್‌ನಲ್ಲೇ ಕಾಯಿಸಬೇಕು, ಸ್ವಲ್ಪ ತಡ ಆಗುತ್ತೆ.

ಜೈ ಭೀಮ್.