ಎರಡನೆಯ ಕೊಲೆಯ ಲೆಕ್ಕ

ದಾಸ್ತಯೆವ್ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯ ಮಾತು ಬಂದರೆ ಸಾಹಿತ್ಯಗೋಷ್ಠಿಗಳಲ್ಲಿ ಒಂದು ಚರ್ಚೆ ತಪ್ಪದೆ ಏಳುತ್ತದೆ: ಬಡವರ ಒಡವೆ ಗಿರವಿ ಹಿಡಿದು ಬಡ್ಡಿ ಹಿಂಡುತ್ತಿದ್ದ ಮುದುಕಿಯನ್ನು ಕೊಂದದ್ದು ಅಷ್ಟು ದೊಡ್ಡ ಪಾಪವೆ? ಕೊನೆಗೆ ಯಾರಾದರೊಬ್ಬರು, ರಸ್ಕೋಲ್ನಿಕೋವ್ ಪಶ್ಚಾತ್ತಾಪದಲ್ಲಿ ಬೆಂದು ಶುದ್ಧನಾದನೆಂದು ಮಂಗಳ ಹಾಡುತ್ತಾರೆ. ಎಲ್ಲರೂ ಸಮಾಧಾನದಿಂದ ಮನೆಗೆ ಹೊರಡುತ್ತಾರೆ.

ಈ ಸಮಾಧಾನಕ್ಕೇ ನನ್ನ ಆಕ್ಷೇಪ. ಅವನು ಕೊಂದದ್ದು ಒಬ್ಬಳನ್ನಲ್ಲ, ಇಬ್ಬರನ್ನು. ಎರಡನೆಯವಳು ಮುದುಕಿಯ ಮಲತಂಗಿ ಲಿಜವೇತಾ. ಹಗಲಿರುಳು ದುಡಿದು, ಅಕ್ಕನ ಕೈಯಲ್ಲಿ ಹೊಡೆತ ತಿಂದ ಸಾಧು ಜೀವ. ಅಕಸ್ಮಾತ್ತಾಗಿ ಬಾಗಿಲಲ್ಲಿ ಕಾಣಿಸಿಕೊಂಡಳು, ಸತ್ತಳು.

ಕೊಲೆಗೆ ಮುನ್ನ ಪೀಟರ್ಸ್‌ಬರ್ಗಿನ ಪಾನಗೃಹವೊಂದರಲ್ಲಿ ರಸ್ಕೋಲ್ನಿಕೋವ್ ಒಂದು ಮಾತುಕತೆ ಕೇಳುತ್ತಾನೆ. ಒಬ್ಬ ವಿದ್ಯಾರ್ಥಿ ಸೇನಾಧಿಕಾರಿಯೊಬ್ಬನ ಮುಂದೆ ಲೆಕ್ಕ ಒಪ್ಪಿಸುತ್ತಾನೆ: ಮುದುಕಿಯ ಒಂದು ಪ್ರಾಣ ಒಂದು ಕಡೆ, ಅವಳ ಹಣದಿಂದ ಉಳಿಯಬಹುದಾದ ನೂರಾರು ಬಾಳು ಇನ್ನೊಂದು ಕಡೆ. ಮುದುಕಿ ಎಷ್ಟು ಕ್ರೂರಿ ಎನ್ನುವುದಕ್ಕೆ ಅವನು ಕೊಡುವ ಸಾಕ್ಷಿ ಯಾರದು? ಇದೇ ಲಿಜವೇತಾಳದು! ಯಾರ ಗೋಳನ್ನು ತೋರಿಸಿ ಲೆಕ್ಕ ಹಾಕಿದರೋ ಆಕೆಯೇ ಕೊಡಲಿಗೆ ತುತ್ತಾದಳು. ದೋಚಿದ ಹಣವಾದರೂ ಯಾರಿಗೆ ಸಂದಿತು? ಕಲ್ಲೊಂದರ ಕೆಳಗೆ ಹೂತುಹೋಯಿತು.

ಇನ್ನು ಪಶ್ಚಾತ್ತಾಪದ ಮಾತು. ಪೊಲೀಸರಿಗೆ ಶರಣಾಗಲು ಹೊರಟ ಗಳಿಗೆಯಲ್ಲೂ ಅವನು ತಂಗಿ ದೂನ್ಯಾಳೊಡನೆ ವಾದಿಸುವುದು ಮುದುಕಿಯೊಬ್ಬಳ ವಿಷಯವನ್ನೇ. ಎಂಟು ವರ್ಷದ ಕಠಿಣ ಶಿಕ್ಷೆ ಹೊತ್ತು ಸೈಬೀರಿಯಕ್ಕೆ ಹೋದಮೇಲೂ, ತಾನು ಸೋತದ್ದು, ತಪ್ಪೊಪ್ಪಿಕೊಂಡದ್ದು, ಇಷ್ಟೇ ತನ್ನ ಅಪರಾಧವೆಂದು ಕೊರಗುತ್ತಾನೆ. ಜ್ವರ, ನಡುಕ, ದುಃಸ್ವಪ್ನ ಇವೆಲ್ಲ ಉಂಟು. ಆದರೆ ನೋವು ಬೇರೆ, ಪಶ್ಚಾತ್ತಾಪ ಬೇರೆ. ಕೊನೆಯ ಪುಟಗಳಲ್ಲಿ ಸೋನ್ಯಾಳ ಪ್ರೀತಿ ಅವನನ್ನು ಅಲುಗಿಸುವುದು ನಿಜ. ಹೊಸ ಬಾಳಿನ ಕತೆ ಮುಂದಿದೆ ಎಂದಷ್ಟೇ ಹೇಳಿ ಲೇಖಕ ಲೇಖನಿ ಕೆಳಗಿಡುತ್ತಾನೆ. ಲೇಖಕ ಕೊಡದ ತೀರ್ಪನ್ನು ನಾವೇಕೆ ಕೊಡಬೇಕು?

ಈ ವ್ಯತ್ಯಾಸ ದಾಸ್ತಯೆವ್ಸ್ಕಿ ಊಹಿಸಿ ಬರೆದದ್ದಲ್ಲ. 1850ರಿಂದ 1854ರವರೆಗೆ ಓಮ್ಸ್ಕ್ ಸೆರೆಮನೆಯಲ್ಲಿ ಕೊಲೆಗಾರರ ನಡುವೆಯೇ ಬದುಕಿದವನು ಅವನು. ಅವರಲ್ಲಿ ಪಶ್ಚಾತ್ತಾಪದ ಕುರುಹನ್ನೇ ಕಾಣಲಿಲ್ಲವೆಂದು ಆ ಸೆರೆಮನೆಯ ಅನುಭವದಿಂದ ಹುಟ್ಟಿದ ಕೃತಿಯಲ್ಲಿ ಬರೆದ. 1866ರಲ್ಲಿ ಈ ಕಾದಂಬರಿ ಬಂದದ್ದು ಆಮೇಲೆ.

ಸೋನ್ಯಾ ಮಾತ್ರ ಮರೆಯಲಿಲ್ಲ. ಅವಳು ರಸ್ಕೋಲ್ನಿಕೋವನಿಗೆ ಓದಿ ಹೇಳುವ ಧರ್ಮಗ್ರಂಥ ಲಿಜವೇತಾ ತಂದುಕೊಟ್ಟದ್ದು. ಅವಳ ಬಳಿಯಿರುವ ಶಿಲುಬೆ ಲಿಜವೇತಾಳದು. ಸತ್ತವಳು ಪುಟಪುಟದಲ್ಲೂ ಹೀಗೆ ನಮ್ಮ ಕಣ್ಣೆದುರಿಗೇ ಇದ್ದಾಳೆ.

ನೂರು ಜನರ ಹಿತಕ್ಕಾಗಿ ಒಬ್ಬರು ಹೋದರೆ ಹೋಗಲಿ ಎನ್ನುವ ಲೆಕ್ಕಿಗರು ಯಾವ ಕಾಲಕ್ಕೂ ಕಡಮೆಯಿಲ್ಲ. ಆ ಲೆಕ್ಕ ಎಂದೂ ಒಬ್ಬರಿಗೆ ನಿಲ್ಲುವುದಿಲ್ಲ ಎಂಬುದೇ ಈ ಕಾದಂಬರಿಯ ನೀತಿ. ಕೊಂದವನ ವೇದನೆಗೆ ಕಣ್ಣೀರಿಡುವ ಓದುಗ ಮಹಾಶಯರು, ಕೊಲೆಯಾದವಳ ಹೆಸರನ್ನಾದರೂ ನೆನಪಿಟ್ಟುಕೊಳ್ಳಲಿ.