ಮಾನಿಟರ್ ಮುಂದಿನ ಸಿಸ್ಟರ್

ಉತ್ತರ ಬೆಂಗಳೂರಿನಲ್ಲಿ ಹೃದಯದ ಚಿಕಿತ್ಸೆಗೆ ಆಸ್ಪತ್ರೆಗಳ ಬರವಿಲ್ಲ. ಬಳ್ಳಾರಿ ರಸ್ತೆಯಲ್ಲಿ 1973ರಿಂದ ಬ್ಯಾಪ್ಟಿಸ್ಟ್ ಆಸ್ಪತ್ರೆ ಇದೆ. ಹೆಬ್ಬಾಳದ ಹಳೆಯ ಕೊಲಂಬಿಯಾ ಏಷ್ಯಾ ಈಗ ಮಣಿಪಾಲ್ ಆಗಿದೆ, ಫ್ಲೈಓವರ್ ದಾಟಿದರೆ ಆಸ್ಟರ್ ಸಿಎಂಐ ಸಿಗುತ್ತದೆ. ಮತ್ತಿಕೆರೆ ಬದಿಗೆ ರಾಮಯ್ಯ, ಯಶವಂತಪುರದಲ್ಲಿ ಇನ್ನೊಂದಷ್ಟು. ಮನೆಯವರಿಗೆ ಎದೆನೋವು ಬಂದರೆ ನಾವು ವಿಚಾರಿಸುವುದು ಎರಡೇ ವಿಷಯ: ಸ್ಟೆಂಟ್ ಹಾಕುವ ಕ್ಯಾತ್ ಲ್ಯಾಬ್ ಇದೆಯೇ, ಡಾಕ್ಟರ್ ಯಾರು? ಎರಡೂ ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಸ್ಟೆಂಟ್ ಹಾಕಿದ ಡಾಕ್ಟರು ಮನೆಗೆ ಹೊರಟ ಮೇಲೆ ಹೃದ್ರೋಗಿಗಳ ನಿಗಾ ಘಟಕವಾದ ಸಿಸಿಯುನಲ್ಲಿ ಬೆಳಗಿನವರೆಗೆ ರೋಗಿಯ ಪಕ್ಕ ಇರುವವರು ಸ್ಟಾಫ್ ನರ್ಸ್. ಮಾನಿಟರ್‌ನಲ್ಲಿ ಓಡುವ ಹಸಿರು ಗೆರೆ ಕೆಟ್ಟಿತೆಂದರೆ ಅದನ್ನು ಮೊದಲು ಕಾಣುವ ಕಣ್ಣು ಅವರದು. ಆ ಕಣ್ಣಿಗೆ ನಾವು ಏನು ಕಲಿಸಿದ್ದೇವೆ, ಕಂಡದ್ದರ ಮೇಲೆ ಕೈಹಾಕಲು ಆ ಕೈಗೆ ಎಷ್ಟು ಅಧಿಕಾರ ಕೊಟ್ಟಿದ್ದೇವೆ ಎಂದು ಕೇಳುವವರು ಕಡಿಮೆ.

ಇದು ಏಕೆ ಮುಖ್ಯ ಎಂದು ತಿಳಿಯಲು ಹೃದಯಾಘಾತದಲ್ಲಿ ಸಾವು ಹೇಗೆ ಬರುತ್ತದೆ ಎಂದು ನೋಡಬೇಕು. ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಆ ಭಾಗದ ಸ್ನಾಯು ಸಾಯತೊಡಗುತ್ತದೆ. ಬಹಳಷ್ಟು ಸ್ನಾಯು ಸತ್ತರೆ ರಕ್ತ ಪಂಪ್ ಮಾಡುವ ಶಕ್ತಿಯೇ ಕುಗ್ಗುತ್ತದೆ. ಅದು ಒಂದು ದಾರಿ. ಇನ್ನೊಂದು ದಾರಿಯಲ್ಲಿ ಸ್ನಾಯು ಇನ್ನೂ ಗಟ್ಟಿಯಾಗಿರುವಾಗಲೇ ಅದರ ವಿದ್ಯುತ್ ಲಯ ಕೆಡುತ್ತದೆ. ಕೆಳಗಿನ ಕೋಣೆಗಳ ಒಂದೊಂದು ಎಳೆಯೂ ತನ್ನ ಪಾಡಿಗೆ ತಾನು ಅದುರತೊಡಗುತ್ತದೆ. ಬಡಿತ ನಿಲ್ಲುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ವೈದ್ಯರು ಇದನ್ನು ವಿಎಫ್ ಎನ್ನುತ್ತಾರೆ. ಹೃದಯಾಘಾತವಾದ ಮೊದಲ ಕೆಲವು ಗಂಟೆಗಳಲ್ಲಿ ಇದರ ಭಯ ಅತಿ ಹೆಚ್ಚು.

ವಿಎಫ್‌ಗೆ ಮದ್ದು ಒಂದೇ, ಎದೆಯ ಮೇಲೆ ವಿದ್ಯುತ್ ಶಾಕ್. ಬೇಗ ಕೊಟ್ಟರೆ ಅದೇ ಹೃದಯ ಮತ್ತೆ ಸರಿಯಾಗಿ ಬಡಿಯಬಹುದು, ಅದೇ ಮನುಷ್ಯ ವಾರದೊಳಗೆ ನಡೆದುಕೊಂಡು ಮನೆಗೆ ಹೋಗಬಹುದು. ಎದೆ ಒತ್ತುವವರೂ ಇಲ್ಲದೆ, ಶಾಕ್ ಕೂಡ ಸಿಗದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಸುಮಾರು ಶೇ 7ರಿಂದ 10ರಷ್ಟು ಇಳಿಯುತ್ತದೆ. ಡ್ಯೂಟಿ ಡಾಕ್ಟರು ಇನ್ನೊಂದು ಮಹಡಿಯಲ್ಲಿದ್ದು, ಫೋನ್ ಎತ್ತಿ, ಲಿಫ್ಟ್‌ಗೆ ಕಾದು ಬರುವಷ್ಟರಲ್ಲಿ ನಾಲ್ಕೈದು ನಿಮಿಷ ಸರಿಯುತ್ತದೆ. ಹಾಸಿಗೆಯ ಪಕ್ಕದಲ್ಲಿರುವವರು ಹತ್ತಿಪ್ಪತ್ತು ಸೆಕೆಂಡಿನಲ್ಲಿ ಲಯ ಗುರುತಿಸಿ, ಅವರೇ ಶಾಕ್ ಕೊಟ್ಟರೆ ಆ ನಿಮಿಷಗಳು ಉಳಿಯುತ್ತವೆ.

ಸಿಸಿಯು ಎಂಬ ಕೊಠಡಿ ಹುಟ್ಟಿದ್ದೇ ಈ ಲೆಕ್ಕದಿಂದ. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ತಂಡ ಎದೆ ಸೀಳದೆ, ಹೊರಗಿನಿಂದ ಒತ್ತಿಯೇ ರಕ್ತ ಓಡಿಸಬಹುದೆಂದು ತೋರಿಸಿತು. ಮರುವರ್ಷ ಬ್ರಿಟನ್ನಿನ ವೈದ್ಯ ಡೆಸ್ಮಂಡ್ ಜೂಲಿಯನ್, ಹೃದಯಾಘಾತದ ರೋಗಿಗಳನ್ನು ಬೇರೆ ಬೇರೆ ವಾರ್ಡುಗಳಲ್ಲಿ ಚದುರಿಸದೆ ಒಂದೇ ಕಡೆ ಮಲಗಿಸಿ, ಸತತವಾಗಿ ಇಸಿಜಿ ನೋಡುವ ತರಬೇತಾದ ಸಿಬ್ಬಂದಿಯನ್ನು ಇಡಬೇಕೆಂದು ಬರೆದರು. 1962ರ ಹೊತ್ತಿಗೆ ಕ್ಯಾನ್ಸಸ್‌ನಲ್ಲಿ ವೈದ್ಯ ಹ್ಯೂಸ್ ಡೇ ಅಂಥ ಘಟಕ ತೆರೆದರು. ಆದರೆ ಇಲ್ಲಿ ನೆನೆಯಬೇಕಾದದ್ದು ಫಿಲಡೆಲ್ಫಿಯಾದ ವೈದ್ಯ ಲಾರೆನ್ಸ್ ಮೆಲ್ಟ್ಜರ್ ಮತ್ತು ನರ್ಸ್ ರೋಸ್ ಪಿನ್ನಿಯೊ ಅವರನ್ನು. ದಿನದ 24 ಗಂಟೆಯೂ ಹಾಸಿಗೆಯ ಬಳಿ ವೈದ್ಯರನ್ನು ಇಡಲು ಆಗದು, ಆದ್ದರಿಂದ ನರ್ಸ್‌ಗಳೇ ಲಯ ಓದಲಿ, ವೈದ್ಯರು ಬರುವವರೆಗೆ ಕಾಯದೆ ಅವರೇ ಶಾಕ್ ಕೊಡಲಿ ಎಂಬುದು ಅವರ ಪಟ್ಟು. ಆ ಕಾಲಕ್ಕೆ ಇದು ದೊಡ್ಡ ಜಗಳದ ಮಾತಾಗಿತ್ತು. ಸಿಸಿಯುಗಳಿಗೆ ಮೊದಲು ಆಸ್ಪತ್ರೆ ಸೇರಿದ ಹೃದಯಾಘಾತದ ರೋಗಿಗಳಲ್ಲಿ ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದರು. ಇವು ಬಂದ ಮೇಲೆ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಆಗ ಆಂಜಿಯೋಪ್ಲಾಸ್ಟಿ ಇರಲಿಲ್ಲ, ಹೆಪ್ಪು ಕರಗಿಸುವ ಇಂಜೆಕ್ಷನ್ ಬಳಕೆಗೆ ಬಂದಿರಲಿಲ್ಲ. ಇಳಿಕೆಯ ಬಹುಪಾಲು ಬಂದದ್ದು ಕೆಟ್ಟ ಲಯವನ್ನು ಬೇಗ ಕಂಡು ಬೇಗ ಸರಿಪಡಿಸಿದ್ದರಿಂದ.

ಹಾಗಾದರೆ ಲಯ ಓದುವುದೆಂದರೇನು? ನಿಮ್ಮ ಮನೆಯ ಫೈಲ್‌ನಲ್ಲಿ ಹಳೆಯ ಇಸಿಜಿ ಇದ್ದರೆ ತೆಗೆದು ನೋಡಿ. ಕಾಗದದ ಮೇಲೆ ಸಣ್ಣ ಚೌಕ, ದೊಡ್ಡ ಚೌಕ ಎಂದು ಎರಡು ಬಗೆ ಇರುತ್ತವೆ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡುವುದರಿಂದ ಸಣ್ಣ ಚೌಕ 0.04 ಸೆಕೆಂಡು, ದೊಡ್ಡದು 0.2 ಸೆಕೆಂಡು. ಗೆರೆಯಲ್ಲಿ ಮೊದಲು ಒಂದು ಸಣ್ಣ ಉಬ್ಬು, ಅದು ಪಿ: ಮೇಲಿನ ಕೋಣೆಗಳಿಗೆ ವಿದ್ಯುತ್ ತಲುಪಿದ ಗುರುತು. ನಂತರ ಚೂಪಾದ ಕ್ಯೂಆರ್‌ಎಸ್, ಕೆಳಗಿನ ಕೋಣೆಗಳದು. ಆಮೇಲೆ ಟಿ, ಅವು ಮುಂದಿನ ಬಡಿತಕ್ಕೆ ಅಣಿಯಾಗುವುದು. ಈ ಹೆಸರಿಟ್ಟವರು ನೆದರ್ಲೆಂಡ್ಸ್‌ನ ವಿಲ್ಲೆಮ್ ಐಂಥೋವನ್, 1924ರಲ್ಲಿ ನೊಬೆಲ್ ಪಡೆದವರು. ಹಾಳೆಯ ಕೆಳತುದಿಯಲ್ಲಿ ಸಾಮಾನ್ಯವಾಗಿ ಒಂದು ಉದ್ದನೆಯ ಸಾಲು ಇರುತ್ತದೆ. ಅದರಲ್ಲಿ 30 ದೊಡ್ಡ ಚೌಕ ಎಣಿಸಿದರೆ ಆರು ಸೆಕೆಂಡು. ಅಷ್ಟರೊಳಗಿನ ಚೂಪುಗಳನ್ನು ಎಣಿಸಿ ಹತ್ತರಿಂದ ಗುಣಿಸಿ, ನಿಮಿಷದ ಬಡಿತ ಸಿಗುತ್ತದೆ. ಹೊಸದಾಗಿ ಸಿಸಿಯುಗೆ ಬಂದ ನರ್ಸ್ ಮೊದಲ ದಿನ ಕಲಿಯುವ ಲೆಕ್ಕ ಇದು.

ನಿಜವಾದ ಕೆಲಸ ಇರುವುದು ಇದರ ಆಚೆಗೆ. ಹೃದಯದ ಕೆಳಭಾಗಕ್ಕೆ ಆಘಾತವಾದ ರೋಗಿಯೊಬ್ಬರು ಮಲಗಿದ್ದಾರೆ ಎನ್ನಿ. ಪಿ ಶುರುವಾದಲ್ಲಿಂದ ಕ್ಯೂಆರ್‌ಎಸ್ ಶುರುವಾಗುವವರೆಗಿನ ಅಂತರ ಒಂದು ದೊಡ್ಡ ಚೌಕ ಮೀರಬಾರದು. ರಾತ್ರಿ ಹತ್ತಕ್ಕೆ ಅದು 0.18 ಸೆಕೆಂಡು ಇತ್ತು. ಒಂದು ಗಂಟೆಗೆ 0.24. ಎರಡೂವರೆಗೆ ನೋಡಿದರೆ ಆ ಅಂತರ ಬಡಿತದಿಂದ ಬಡಿತಕ್ಕೆ ಹಿಗ್ಗುತ್ತಾ ಹೋಗಿ, ಒಂದು ಪಿ ಆದ ಮೇಲೆ ಚೂಪು ಬರಲೇ ಇಲ್ಲ. ಬಡಿತದ ಸಂಖ್ಯೆ 62 ಇದೆ, ಆದ್ದರಿಂದ ಮಾನಿಟರ್ ಕೂಗದೆಯೂ ಇರಬಹುದು. ತರಬೇತಿ ಇಲ್ಲದವರು ಚಾರ್ಟ್‌ನಲ್ಲಿ 62 ಎಂದು ಬರೆದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ತಿಳಿದವರು ನಾಡಿ ಹಿಡಿಯುತ್ತಾರೆ, ಬಿಪಿ ನೋಡುತ್ತಾರೆ, ‘ತಲೆ ಸುತ್ತುತ್ತಾ, ಕಣ್ಣು ಕತ್ತಲೆ ಬರುತ್ತಾ ಅಪ್ಪಾಜಿ’ ಎಂದು ಕೇಳುತ್ತಾರೆ, ಸ್ಟ್ರಿಪ್ ಪ್ರಿಂಟ್ ತೆಗೆದು ಡಾಕ್ಟರಿಗೆ ಫೋನ್ ಮಾಡುತ್ತಾರೆ, ಬಡಿತ ಹೆಚ್ಚಿಸುವ ಅಟ್ರೋಪಿನ್ ಮತ್ತು ಹೊರಗಿನಿಂದ ಪೇಸ್ ಮಾಡುವ ಯಂತ್ರ ಕೈಗೆಟಕುವಂತೆ ತಂದಿಡುತ್ತಾರೆ. ಲಯದ ಈ ತೊಡಕು ಅಲ್ಲಿಗೇ ತಣ್ಣಗಾಗಬಹುದು, ಮೇಲಿನ ಕೋಣೆಗಳ ವಿದ್ಯುತ್ ಕೆಳಗೆ ಇಳಿಯದೇ ಹೋಗುವ ಪೂರ್ತಿ ಬ್ಲಾಕ್ ಕೂಡ ಆಗಬಹುದು. ಆದರೂ ಸಿದ್ಧರಾಗಿರುವುದಕ್ಕೂ ಆಮೇಲೆ ಓಡಾಡುವುದಕ್ಕೂ ಜೀವದಷ್ಟು ವ್ಯತ್ಯಾಸ.

ಗೆರೆ ಸುಳ್ಳು ಹೇಳುವುದೂ ಉಂಟು. ಬೆಳಿಗ್ಗೆ ರೋಗಿ ಹಾಸಿಗೆಯಲ್ಲೇ ಕೂತು ಹಲ್ಲುಜ್ಜುತ್ತಿದ್ದರೆ ಕೈ ಅಲುಗಾಟಕ್ಕೆ ಪರದೆಯ ಮೇಲೆ ಭಯ ಹುಟ್ಟಿಸುವ ಲಯ ಮೂಡುತ್ತದೆ. ಎದೆನೋವೆಂದು ಮನೆಯಲ್ಲಿ ಹಚ್ಚಿದ ಮುಲಾಮಿನ ಜಿಡ್ಡಿಗೆ ಎಲೆಕ್ಟ್ರೋಡ್ ಕಿತ್ತು ಬಂದರೆ ನೇರ ಗೆರೆ ಬರುತ್ತದೆ. ಅದಕ್ಕೇ ಮೊದಲ ಪಾಠ: ಪರದೆ ಕೂಗಿದಾಗ ಮೊದಲು ರೋಗಿಯ ಮುಖ ನೋಡಿ. ಸುಳ್ಳು ಅಲಾರಂಗಳಿಗೆ ಇನ್ನೊಂದು ಅಪಾಯವೂ ಇದೆ. ದಿನವಿಡೀ ಸುಮ್ಮನೆ ಕೂಗುವ ಯಂತ್ರದ ದನಿಗೆ ಕಿವಿ ಒಗ್ಗಿಹೋಗುತ್ತದೆ, ನಿಜವಾದ ಕೂಗು ಅದರಲ್ಲಿ ಮುಳುಗುತ್ತದೆ. ಚರ್ಮ ಒರೆಸಿ ಎಲೆಕ್ಟ್ರೋಡ್ ಅಂಟಿಸುವುದು, ದಿನಾ ಬದಲಿಸುವುದು, ಅಲಾರಂ ಮಿತಿಯನ್ನು ಆಯಾ ರೋಗಿಗೆ ತಕ್ಕಂತೆ ಹೊಂದಿಸುವುದು ಸಣ್ಣ ಕೆಲಸಗಳಂತೆ ಕಾಣುತ್ತವೆ. ಒಳ್ಳೆಯ ಸಿಸಿಯುವನ್ನು ನಾನು ಗುರುತಿಸುವುದು ಇವುಗಳಿಂದಲೇ.

ಸಿಸಿಯು ತಲುಪುವ ಮುನ್ನವೂ ನರ್ಸ್ ಕೈಯೇ ಇರುತ್ತದೆ. ಎದೆನೋವಿನವರು ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ಎಲ್ಲರೂ ಒಪ್ಪಿದ ನಿಯಮ. ಆದರೆ ಸಕ್ಕರೆ ಕಾಯಿಲೆಯವರು, ಹೆಂಗಸರು, ವಯಸ್ಸಾದವರು ಎಷ್ಟೋ ಸಲ ಎದೆನೋವು ಎನ್ನುವುದೇ ಇಲ್ಲ. ಸಂಕಟ, ಬೆವರು, ಸುಸ್ತು, ‘ಗ್ಯಾಸ್ಟ್ರಿಕ್’ ಎನ್ನುತ್ತಾರೆ. ಅವರನ್ನು ಬೆಂಚಿನ ಮೇಲೆ ಕೂರಿಸಬೇಕೋ ಮಂಚಕ್ಕೆ ಕರೆದೊಯ್ಯಬೇಕೋ ಎಂಬುದನ್ನು ತೀರ್ಮಾನಿಸುವವರು ಬಾಗಿಲಲ್ಲಿರುವ ಸಿಸ್ಟರ್. ಎಲೆಕ್ಟ್ರೋಡ್ ಇಡುವ ಜಾಗವೂ ಅಷ್ಟೇ ಮುಖ್ಯ. ಎದೆಗೆ ಅಂಟಿಸುವವುಗಳಲ್ಲಿ ಮೊದಲ ಎರಡು, ಎದೆಮೂಳೆಯ ಅಕ್ಕಪಕ್ಕ ನಾಲ್ಕನೇ ಪಕ್ಕೆಲುಬಿನ ಸಂದಿಗೆ ಬರಬೇಕು. ಮೇಲೆ ಇಟ್ಟರೆ ಇಲ್ಲದ ಕಾಯಿಲೆ ಕಾಗದದಲ್ಲಿ ಮೂಡಬಹುದು. ಹೆಂಗಸರಲ್ಲಿ ಸಂಕೋಚದಿಂದ ಅಂದಾಜಿನ ಮೇಲೆ ಅಂಟಿಸುವುದುಂಟು. ಪರದೆ ಎಳೆದು, ಮರ್ಯಾದೆಯಿಂದ, ಸರಿಯಾದ ಜಾಗ ಹುಡುಕುವುದನ್ನು ಕಲಿಸಲೇಬೇಕು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಈ ರಾಜ್ಯದ ಪ್ರತಿ ಮನೆಯೂ ಹೃದಯದ ಬಗ್ಗೆ ಮಾತಾಡಿತು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಭಯಕ್ಕೆ ಕಾರಣ ಇಲ್ಲದೆ ಇಲ್ಲ: ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಉಳಿದ ದೇಶಗಳಲ್ಲಿ ಸುಮಾರು 59. ಪುನೀತ್ ಹೆಸರಿನಲ್ಲಿ ಸರ್ಕಾರ ನಡೆಸುವ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರದ ತಜ್ಞರು ನೋಡಿ ಹೇಳುತ್ತಾರೆ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ತುಂಬಾ ಒಳ್ಳೆಯ ಯೋಜನೆ. ಅದರ ಎರಡು ತುದಿ ಹಿಡಿದವರೂ ನರ್ಸ್‌ಗಳೇ: ಇಸಿಜಿ ಸರಿಯಾಗಿ ತೆಗೆಯುವವರು ಅವರು, ನಾಳ ತೆರೆದುಕೊಳ್ಳುವ ಹೊತ್ತಿಗೆ ಲಯ ಏರುಪೇರಾದಾಗ ಪಕ್ಕದಲ್ಲಿರುವವರೂ ಅವರೇ.

ಕಲಿಕೆಯ ವಿಷಯಕ್ಕೆ ಬಂದರೆ ಉತ್ತರ ಬೆಂಗಳೂರಿಗೆ ಬೇಕಾದ್ದೆಲ್ಲ ಇದೆ. ಬ್ಯಾಪ್ಟಿಸ್ಟ್ ಮತ್ತು ರಾಮಯ್ಯ ಆವರಣಗಳಲ್ಲಿ ಆಸ್ಪತ್ರೆ, ನರ್ಸಿಂಗ್ ಕಾಲೇಜು ಒಟ್ಟಿಗಿವೆ. ಸುತ್ತಮುತ್ತ ಇನ್ನೆಷ್ಟೋ ಕಾಲೇಜುಗಳಿವೆ. ಪದವಿ ಪಠ್ಯದಲ್ಲಿ ಇಸಿಜಿ ಇದೆ, ಜೀವರಕ್ಷಣೆಯ ತರಬೇತಿ ಇದೆ. ಪದವಿಯ ಮೇಲೆ ಹೃದಯ ಶುಶ್ರೂಷೆಯ ಡಿಪ್ಲೊಮಾ, ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸ್‌ಗಳಿವೆ. ತೊಡಕಿರುವುದು ಕೆಲಸಕ್ಕೆ ಸೇರಿದ ಮೇಲೆ. ಹೃದಯಸ್ತಂಭನ ನಿಭಾಯಿಸಲು ಕಲಿಸುವ ಎರಡು ದಿನದ ಎಸಿಎಲ್‌ಎಸ್ ಶಿಬಿರ ಮುಗಿಸಿದರೆ ಪ್ರಮಾಣಪತ್ರ ಎರಡು ವರ್ಷಕ್ಕೆ ಊರ್ಜಿತ. ಕೈಯ ಚಳಕ ಮಾತ್ರ ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಪ್ರಮಾಣಪತ್ರದ ಫೈಲ್ ನೋಡಿ ಸಮಾಧಾನಪಡುವುದನ್ನು ಆಸ್ಪತ್ರೆಗಳು ಬಿಡಬೇಕು. ಹೊಸಬರನ್ನು ಕನಿಷ್ಠ ಒಂದೂವರೆ ತಿಂಗಳು ಅನುಭವಿ ಸಿಸ್ಟರ್ ಜೊತೆ ಜೋಡಿ ಪಾಳಿಗೆ ಹಾಕಬೇಕು. ಪಾಳಿ ಬದಲಾಗುವಾಗ ಆ ದಿನದ ಒಂದು ಸ್ಟ್ರಿಪ್ ಮುಂದಿಟ್ಟು ಐದು ನಿಮಿಷ ಮಾತಾಡಬೇಕು. ಮೂರು ತಿಂಗಳಿಗೊಮ್ಮೆ, ಅದೂ ರಾತ್ರಿ ಪಾಳಿಯಲ್ಲಿ, ನಿಜವಾದ ವಾರ್ಡಿನಲ್ಲೇ ಗೊಂಬೆ ಮಲಗಿಸಿ ಅಣಕು ತುರ್ತು ನಡೆಸಬೇಕು.

ಇಷ್ಟು ಕಲಿತವರು ಉಳಿಯುತ್ತಾರೆಯೇ? ಎರಡು ವರ್ಷದ ಸಿಸಿಯು ಅನುಭವ ಸಿಕ್ಕೊಡನೆ ಗಲ್ಫ್, ಬ್ರಿಟನ್, ಐರ್ಲೆಂಡ್ ಕರೆಯುತ್ತವೆ. ಹೋಗುವವರನ್ನು ದೂರುವಂತಿಲ್ಲ, ಅವರ ಮನೆಯ ಸಾಲ ಅವರೇ ತೀರಿಸಬೇಕು. ವೆಂಟಿಲೇಟರ್ ಇಲ್ಲದ ಐಸಿಯು ರೋಗಿಗಳಿಗೂ ಇಬ್ಬರಿಗೊಬ್ಬ ನರ್ಸ್ ಇರಬೇಕೆಂಬುದು ಒಪ್ಪಿತ ಮಾನದಂಡ. ಆ ಅನುಪಾತ ಪಾಲಿಸಿ, ಲಯ ಓದಬಲ್ಲವರಿಗೆ ಬೇರೆ ಭತ್ಯೆ ಕೊಟ್ಟರೆ ಒಂದಷ್ಟು ಮಂದಿಯಾದರೂ ಇಲ್ಲೇ ನಿಂತು ಹೊಸಬರಿಗೆ ಕಲಿಸುತ್ತಾರೆ.

ಕೊನೆಯದು ಅಧಿಕಾರದ ಮಾತು. ತಾವೇ ಲಯ ಗುರುತಿಸುವ ಎಇಡಿ ಶಾಕ್ ಯಂತ್ರಗಳನ್ನು ಸಾರ್ವಜನಿಕ ಸ್ಥಳಗಳಲ್ಲಿ ಇಡುವುದೇ, ದಾರಿಹೋಕರೂ ಅದರ ದನಿ ಕೇಳಿಕೊಂಡು ಶಾಕ್ ಕೊಡಲೆಂದು. ದಾರಿಹೋಕರಿಗೆ ಕೊಟ್ಟ ಆ ನಂಬಿಕೆಯನ್ನು ನಾಲ್ಕು ವರ್ಷ ಓದಿದ ನರ್ಸ್‌ಗೆ ಕೊಡದೆ, ‘ಡಾಕ್ಟರ್ ಬರಲಿ’ ಎಂದು ಕಾಯಿಸುವುದು ತಪ್ಪು. ವಿಎಫ್ ಕಂಡರೆ ತರಬೇತಾದ ನರ್ಸ್ ತಕ್ಷಣ ಶಾಕ್ ಕೊಡಬಹುದು, ಅದಕ್ಕಾಗಿ ಅವರನ್ನು ಯಾರೂ ಗದರುವಂತಿಲ್ಲ ಎಂಬ ಲಿಖಿತ ಆದೇಶ ಪ್ರತಿ ಸಿಸಿಯು ಗೋಡೆಯ ಮೇಲೆ ಇರಬೇಕು.

ಓದುಗರಲ್ಲಿ ಒಂದು ವಿನಂತಿ. ನಿಮ್ಮವರನ್ನು ಸಿಸಿಯುಗೆ ಸೇರಿಸಿದಾಗ ಬಿಲ್ಲಿನ ಅಂದಾಜು ಕೇಳುವ ಹೊತ್ತಿಗೇ ಇನ್ನೆರಡು ಮಾತು ಕೇಳಿ: ಈ ರಾತ್ರಿ ಒಬ್ಬ ಸಿಸ್ಟರ್‌ಗೆ ಎಷ್ಟು ಹಾಸಿಗೆ? ಹೃದಯ ನಿಂತರೆ ಅವರೇ ಶಾಕ್ ಕೊಡಬಹುದೇ? ನೇರ ಉತ್ತರ ಬರದಿದ್ದರೆ ಆಸ್ಪತ್ರೆಯ ಆಡಳಿತಕ್ಕೆ ಪ್ರಶ್ನೆಗಳನ್ನು ಲಿಖಿತವಾಗಿ ಕೊಟ್ಟು ಉತ್ತರ ಪಡೆಯಿರಿ.