ಬಂದವರ ಹಕ್ಕು, ಇದ್ದವರ ಹಕ್ಕು

ದೇಶದ ಯಾವ ಮೂಲೆಗಾದರೂ ಹೋಗಿ ನೆಲೆಸುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೇ ವಿಧಿ ಪ್ರತಿ ನಾಗರಿಕನಿಗೂ ಕೊಟ್ಟಿದೆ. ಅದೇ ವಿಧಿಯ ಐದನೇ ಉಪವಿಧಿ ಈ ಸ್ವಾತಂತ್ರ್ಯಕ್ಕೆ ಎರಡು ಕಾರಣಗಳಿಗಾಗಿ ಮಿತಿ ಹಾಕಬಹುದು ಎನ್ನುತ್ತದೆ. ಒಂದು ಸಾರ್ವಜನಿಕ ಹಿತ, ಇನ್ನೊಂದು ಪರಿಶಿಷ್ಟ ಪಂಗಡಗಳ ಹಿತರಕ್ಷಣೆ. ಬಂದವರ ಹಕ್ಕು ಮತ್ತು ಮೊದಲಿಂದ ಇದ್ದವರ ಹಕ್ಕು ಒಂದಲ್ಲ ಒಂದು ದಿನ ಎದುರುಬದುರಾಗುತ್ತವೆ ಎಂದು ಸಂವಿಧಾನ ಬರೆದವರಿಗೆ ಗೊತ್ತಿತ್ತು.

ಹಾಗೆ ಎದುರುಬದುರಾದ ಊರುಗಳಲ್ಲಿ ಕನ್ನಡಿಗರಿಗೆ ತೀರ ಹತ್ತಿರದ್ದು ಕೇರಳದ ಮಾನಂದವಾಡಿ. ಎಚ್.ಡಿ. ಕೋಟೆಯ ಕಡೆಯಿಂದ ಕಾಡುದಾರಿ ಹಿಡಿದು ಬಾವಲಿ ಚೆಕ್‌ಪೋಸ್ಟ್ ದಾಟಿದರೆ ಸಿಗುವ ಪೇಟೆ. ನಮ್ಮ ಕಬಿನಿಗೆ ನೀರು ಕೂಡಿಸುವ ಸೀಮೆ. ವಯನಾಡು ಜಿಲ್ಲೆಯ ಕಂದಾಯ ಉಪವಿಭಾಗದ ಕಚೇರಿ ಇರುವುದು ಇಲ್ಲೇ. ಆದಿವಾಸಿಗಳು ಕಳೆದುಕೊಂಡ ಜಮೀನನ್ನು ವಾಪಸು ಕೊಡಿಸಿ ಎಂಬ ಅರ್ಜಿಗಳು ಬಂದು ಸೇರುವುದೂ ಆ ಕಚೇರಿಯ ಮೇಜಿಗೇ. ಅಲ್ಲಿ ಅರ್ಜಿದಾರನೂ ಬಡವ, ಎದುರುದಾರನೂ ಬಹಳ ಸಲ ಸಣ್ಣ ರೈತ. ಇಬ್ಬರೂ ನಾಗರಿಕರು. ಭೂಮಿ ಮಾತ್ರ ಒಂದೇ.

ಆದಿವಾಸಿಗಳ ಕಡೆಯ ವಾದವನ್ನು ಮೊದಲು ನೋಡೋಣ. ವಯನಾಡಿನ ಆದಿವಾಸಿಗಳೆಲ್ಲ ಒಂದೇ ಸ್ಥಿತಿಯಲ್ಲಿದ್ದವರಲ್ಲ. ಕುರಿಚ್ಯರು ಮತ್ತು ಮುಳ್ಳುಕುರುಮರು ಸ್ವಂತ ಗದ್ದೆಯಿದ್ದ ಬೇಸಾಯಗಾರರು. ಪಳಶ್ಶಿರಾಜನ ಪರವಾಗಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಬಿಲ್ಲು ಹಿಡಿದು 1805ರಲ್ಲಿ ಪ್ರಾಣ ಕೊಟ್ಟ ತಲಕ್ಕಲ್ ಚಂದು ಕುರಿಚ್ಯರವನು. ಪಣಿಯರು ಮತ್ತು ಅಡಿಯರು ಜಮೀನ್ದಾರರ ಗದ್ದೆಗಳಲ್ಲಿ ಜೀತಕ್ಕಿದ್ದವರು. ಕೊಡಗಿನಲ್ಲಿ ನಾವು ಯರವರು ಎನ್ನುವ ಜನರೇ ಗಡಿಯಾಚೆ ಅಡಿಯರು. ಮಾನಂದವಾಡಿಗೆ ಹೊಂದಿಕೊಂಡ ವಳ್ಳಿಯೂರ್ಕಾವಿನಲ್ಲಿ ಮಾರ್ಚ್ ತಿಂಗಳಲ್ಲಿ ದೇವಿಯ ಜಾತ್ರೆ ನಡೆಯುತ್ತದೆ. ಕಳೆದ ಶತಮಾನದಲ್ಲೂ ಬಹುಕಾಲ ವರ್ಷದ ಜೀತ ಕುದುರುತ್ತಿದ್ದದ್ದು ಆ ಜಾತ್ರೆಯಲ್ಲೇ. ದೇವಿಯ ಎದುರಿನಲ್ಲಿ ಜಮೀನ್ದಾರ ಒಂದಿಷ್ಟು ಮುಂಗಡ ಕೊಡುತ್ತಿದ್ದ. ಆಳು ಅದಕ್ಕೆ ಕೈಯೊಡ್ಡಿದರೆ ಮುಗಿಯಿತು, ಮುಂದಿನ ಜಾತ್ರೆಯವರೆಗೆ ಅವನು ಆ ಗದ್ದೆಗೆ ಕಟ್ಟುಬಿದ್ದ ಹಾಗೆ. ದೇವಿಯ ಸಾಕ್ಷಿಯಲ್ಲಿ ಆದ ಮಾತನ್ನು ಮುರಿಯಲು ಎದೆ ಬೇಕಿತ್ತು. ಪಿ. ವತ್ಸಲಾ ಅವರ ‘ನೆಲ್ಲು’ ಕಾದಂಬರಿ ತಿರುನೆಲ್ಲಿಯ ಅಡಿಯರ ಈ ಬದುಕನ್ನು ಮಲಯಾಳಂ ಓದುಗರ ಮುಂದಿಟ್ಟಿತು.

ಅಂಥವರ ಕೈಯಲ್ಲಿದ್ದ ಚೂರುಪಾರು ನೆಲ ಹೋದದ್ದು ಹೆಚ್ಚಿನ ಸಂದರ್ಭಗಳಲ್ಲಿ ಗಲಾಟೆಯಿಲ್ಲದೆ. ಅನುಭವದಲ್ಲಿದ್ದ ಭೂಮಿಗೆ ಕಾಗದ ಇರಲಿಲ್ಲ. ಮಳೆಗಾಲದ ಹಸಿವಿಗೆ ತಂದ ಅಕ್ಕಿ, ಮದುವೆಯ ಸಾಲ, ಗೇಣಿಯೆಂದು ಹೇಳಿ ಒತ್ತಿಸಿಕೊಂಡ ಹೆಬ್ಬೆಟ್ಟು, ಇಷ್ಟು ಸಾಕಾಗುತ್ತಿತ್ತು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಆದರೆ ಭೂಮಿ ದಕ್ಕಿದ್ದು ಗೇಣಿದಾರನಿಗೆ. ಕೂಲಿಯವನ ಪಾಲಿಗೆ ಬಂದದ್ದು ಗುಡಿಸಲು ನಿಂತಿದ್ದ ಕೆಲವು ಸೆಂಟ್ ಜಾಗ ಮಾತ್ರ. ಇಡೀ ದೇಶ ಹೊಗಳಿದ ಸುಧಾರಣೆಯಲ್ಲಿ ಪಣಿಯರು, ಅಡಿಯರು ಕೂಲಿಯವರಾಗಿಯೇ ಉಳಿದರು.

ಇನ್ನು ವಲಸಿಗರ ಕಡೆ. ಎರಡನೇ ಮಹಾಯುದ್ಧದ ಹೊತ್ತಿಗೆ ಬರ್ಮಾದ ಅಕ್ಕಿ ನಿಂತು ತಿರುವಾಂಕೂರಿನಲ್ಲಿ ಅನ್ನಕ್ಕೆ ತತ್ವಾರವಾಯಿತು. ಅಲ್ಲಿನ ಸಿರಿಯನ್ ಕ್ರೈಸ್ತ ರೈತ ಕುಟುಂಬಗಳು ಇದ್ದದ್ದನ್ನು ಮಾರಿ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಮಲಬಾರಿನ ಕಾಡಂಚಿಗೆ ಬಂದವು. ಒಂದು ಸಂಸ್ಥಾನದಿಂದ ಬ್ರಿಟಿಷ್ ಆಡಳಿತದ ಜಿಲ್ಲೆಗೆ ಬಂದ ಇವರು ನಿಜಾರ್ಥದಲ್ಲಿ ವಲಸೆಗಾರರು. ಇಲ್ಲಿ ಕಾದಿದ್ದದ್ದು ಮಲೇರಿಯಾ, ಕಾಡುಹಂದಿ, ಆನೆ. ಎಸ್.ಕೆ. ಪೊಟ್ಟೆಕ್ಕಾಟ್ ಅವರ ‘ವಿಷಕನ್ಯಕ’ ಇದೇ ವಲಸೆಯ ಸಂಕಟದ ಕಾದಂಬರಿ. ಹಲವರು ಜಮೀನ್ದಾರರಿಗೆ ದುಡ್ಡು ಕೊಟ್ಟೇ ಜಾಗ ಹಿಡಿದರು. ಮರಗೆಣಸು, ಮೆಣಸು, ಕಾಫಿ ಬೆಳೆದರು, ಶಾಲೆ, ಆಸ್ಪತ್ರೆ ಕಟ್ಟಿದರು. 1973ರಲ್ಲಿ ಮಾನಂದವಾಡಿ ಒಂದು ಧರ್ಮಪ್ರಾಂತ್ಯವೇ ಆಯಿತು.

ಇವರೆಲ್ಲ ಭೂಗಳ್ಳರು ಎಂದು ಬೀಸು ಮಾತು ಆಡುವುದು ಸುಲಭ. ಆದರೆ 1960ರ ದಶಕದಲ್ಲಿ ಒಬ್ಬ ಕೊಂಡ, ಇನ್ನೊಬ್ಬನಿಗೆ ಮಾರಿದ, ಅವನ ಮಗ ಪಾಲು ಮಾಡಿಕೊಂಡ. ಇಂದು ಆ ಜಾಗದಲ್ಲಿರುವವನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತೆಗೆದವನು, ಕಂದಾಯ ಕಟ್ಟುತ್ತ ಬಂದವನು. ಮೆಣಸಿನ ಬಳ್ಳಿಗೆ ಸೊರಗು ರೋಗ ಬಿದ್ದು, ಬೆಲೆಯೂ ನೆಲ ಕಚ್ಚಿದಾಗ ವಯನಾಡಿನಲ್ಲಿ ರೈತರ ಆತ್ಮಹತ್ಯೆಗಳ ಸಾಲೇ ಕಂಡಿತು. ಕೇರಳ 2006ರಲ್ಲಿ ರೈತರ ಋಣಪರಿಹಾರಕ್ಕೆಂದು ಆಯೋಗ ರಚಿಸುವ ಕಾನೂನು ತಂದದ್ದು ಆ ಹಿನ್ನೆಲೆಯಲ್ಲಿ. ಎರಡು ಎಕರೆಯ ಇಂಥ ರೈತನಿಗೆ, ನಿನ್ನ ಅಜ್ಜನ ಕಾಲದ ಕ್ರಯ ಅಸಿಂಧು, ಎದ್ದು ನಡೆ ಎಂದರೆ ಅದೂ ಒಂದು ಅನ್ಯಾಯವೇ.

‘ಬಂದವರು’ ಯಾರು ಎಂಬ ಪ್ರಶ್ನೆಯೂ ಹಿಂದಕ್ಕೆ ಹೋದಷ್ಟೂ ಉದ್ದವಾಗುತ್ತದೆ. ವಯನಾಡಿನ ಜೈನ ಗೌಡರು ಕನ್ನಡ ನೆಲದಿಂದ ಹೋದವರು. ಪನಮರ, ಸುಲ್ತಾನ್ ಬತ್ತೇರಿಗಳ ಹಳೆಯ ಬಸದಿಗಳು, ಕಲ್ಪೆಟ್ಟದ ಅನಂತನಾಥ ಸ್ವಾಮಿ ಬಸದಿ ಆ ಸಮುದಾಯದ ಗುರುತುಗಳು. ಕೇಂದ್ರ ಸಚಿವರೂ ಪತ್ರಿಕೋದ್ಯಮಿಯೂ ಆಗಿದ್ದ ಎಂ.ಪಿ. ವೀರೇಂದ್ರ ಕುಮಾರ್ ಈ ಸಮುದಾಯದವರು. ಇವತ್ತು ಜೈನ ಗೌಡರನ್ನು ಯಾರೂ ವಲಸಿಗರು ಎನ್ನುವುದಿಲ್ಲ. 2014ರಿಂದ ಜೈನರು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದೂ ಗುರುತಾಗಿದ್ದಾರೆ. ಸಿರಿಯನ್ ಕ್ರೈಸ್ತರೂ ಅಲ್ಪಸಂಖ್ಯಾತರೇ. ಅಂದರೆ ಮಾನಂದವಾಡಿಯಲ್ಲಿ ಆದಿವಾಸಿಯ ಎದುರು ನಿಂತವನು ಕೂಡ ಬೇರೊಂದು ಲೆಕ್ಕದಲ್ಲಿ ಸಂವಿಧಾನದ ರಕ್ಷಣೆ ಬೇಡುವವನು.

ಈ ತೊಡಕನ್ನು ಬಿಡಿಸಬೇಕಾದದ್ದು ಸರ್ಕಾರ. ಅದು ಮಾಡಿದ್ದನ್ನು ವರ್ಷವಾರು ನೋಡಿದರೆ ಸಾಕು. 1975ರಲ್ಲಿ ಅಚ್ಯುತ ಮೇನೋನ್ ಸರ್ಕಾರದ ಕಾಲದಲ್ಲಿ, ಆದಿವಾಸಿ ಭೂಮಿ ಪರಭಾರೆ ತಡೆದು ಹೋದದ್ದನ್ನು ಮರಳಿಸುವ ಕಾನೂನು ವಿಧಾನಸಭೆಯಲ್ಲಿ ಒಮ್ಮತದಿಂದ ಪಾಸಾಯಿತು. ನಿಯಮಗಳು ಬಂದದ್ದು 1986ರಲ್ಲಿ, ಹನ್ನೊಂದು ವರ್ಷ ತಡವಾಗಿ. ಆ ಕಾನೂನಿನಲ್ಲೂ ಒಂದು ವಿಚಿತ್ರವಿತ್ತು: ಜಮೀನು ಮರಳಿ ಪಡೆಯುವ ಆದಿವಾಸಿ ಹಿಂದೆ ಪಡೆದ ಹಣವನ್ನೂ, ಆ ಮೇಲೆ ಆದ ಅಭಿವೃದ್ಧಿಯ ಬೆಲೆಯನ್ನೂ ಕಟ್ಟಿಕೊಡಬೇಕು, ಕೈಯಲ್ಲಿ ಹಣ ಇಲ್ಲದಿದ್ದರೆ ಸರ್ಕಾರ ಸಾಲ ಕೊಡುತ್ತದೆ. ನಲ್ಲತಂಬಿ ತೇರ ಎಂಬ ವೈದ್ಯರು 1988ರಲ್ಲಿ ಹೈಕೋರ್ಟಿಗೆ ಹೋದರು. 1993ರಲ್ಲಿ, ಆರು ತಿಂಗಳಲ್ಲಿ ಜಾರಿ ಮಾಡಿ ಎಂದು ಕೋರ್ಟ್ ಹೇಳಿತು. ಸರ್ಕಾರಗಳು ಬದಲಾದವು, ವಾಯಿದೆ ಕೇಳುವುದು ಬದಲಾಗಲಿಲ್ಲ. 1996ರಲ್ಲಿ ಕಾನೂನಿನ ಹಲ್ಲು ಕೀಳುವ ತಿದ್ದುಪಡಿ ಬಂತು. ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಕೈ ಎತ್ತಿದ ಸದನದಲ್ಲಿ ಬೇಡ ಎಂದವರು ಕೆ.ಆರ್. ಗೌರಿಯಮ್ಮ ಒಬ್ಬರೇ. ರಾಷ್ಟ್ರಪತಿ ಅಂಕಿತ ಹಾಕಲಿಲ್ಲ. 1999ರಲ್ಲಿ ಕೃಷಿ ಭೂಮಿಗೆ ಮಾತ್ರ ಅನ್ವಯಿಸುವ ಹೊಸ ಕಾನೂನು ಮಾಡಿ, ಆ ಅಂಕಿತದ ಅಗತ್ಯವೇ ಬೀಳದಂತೆ ಸರ್ಕಾರ ನೋಡಿಕೊಂಡಿತು.

ಆ 1999ರ ಕಾನೂನಿನ ತಿರುಳು ಹೀಗಿದೆ. 1960ರಿಂದ 1986ರ ಜನವರಿವರೆಗೆ ಕೈಬದಲಾದ ಭೂಮಿ ಎರಡು ಹೆಕ್ಟೇರ್‌ವರೆಗೆ ಹಾಲಿ ಇರುವವರಲ್ಲೇ ಉಳಿಯಲಿ, ಕಳೆದುಕೊಂಡ ಆದಿವಾಸಿಗೆ ಅಷ್ಟೇ ಭೂಮಿಯನ್ನು ಸರ್ಕಾರ ಬೇರೆ ಕಡೆ ಕೊಡಲಿ. ಹೈಕೋರ್ಟ್ ಇದರ ಮುಖ್ಯ ಭಾಗಗಳನ್ನು ಹೊಡೆದುಹಾಕಿದರೂ 2009ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಸಣ್ಣ ರೈತನನ್ನು ಒಕ್ಕಲೆಬ್ಬಿಸದೆ ಆದಿವಾಸಿಗೂ ಭೂಮಿ ಸಿಗುವ ಈ ರಾಜಿ ಕಾಗದದ ಮೇಲೆ ತಳ್ಳಿಹಾಕುವಂಥದ್ದಲ್ಲ.

ಯುರೋಪಿನಲ್ಲೂ ಇಂಥದೇ ತಕ್ಕಡಿ ತೂಗಿದೆ. 1974ರಲ್ಲಿ ಟರ್ಕಿಯ ಸೇನೆ ಉತ್ತರ ಸೈಪ್ರಸ್‌ಗೆ ನುಗ್ಗಿದಾಗ ಮನೆಮಠ ಬಿಟ್ಟು ಓಡಿದ ಗ್ರೀಕ್ ಸೈಪ್ರಿಯಟ್ಟರು ಆಸ್ತಿ ಮರಳಿಸಿ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಬಾಗಿಲು ಬಡಿದಿದ್ದರು. 2010ರಲ್ಲಿ ಅದು ಹೇಳಿದ್ದು: ಹಕ್ಕು ಸತ್ತಿಲ್ಲ, ಆದರೆ ಮೂವತ್ತೈದು ವರ್ಷಗಳ ಬಳಿಕ ಅಲ್ಲಿ ಬೇರು ಬಿಟ್ಟವರನ್ನೆಲ್ಲ ಎಬ್ಬಿಸಿ ಎಂದು ಹೇಳಲಾಗದು, ಮರಳಿಸುವುದು, ಬದಲಿ ಆಸ್ತಿ, ಪರಿಹಾರ ಇವುಗಳಲ್ಲಿ ಒಂದು ಸಿಗಬೇಕು. ಕೇರಳದ ರಾಜಿಗೆ ಇದಕ್ಕಿಂತ ಗಟ್ಟಿ ಸಮರ್ಥನೆ ಸಿಗದು. ಆದರೆ ನಾರ್ವೆಯ ಕಥೆ ಇನ್ನೊಂದು ಎಚ್ಚರ ಕೊಡುತ್ತದೆ. ಫೋಸೆನ್‌ನ ಗಾಳಿಯಂತ್ರಗಳು ಹಿಮಸಾರಂಗ ಮೇಯಿಸುವ ಸಾಮಿ ಜನರ ಸಂಸ್ಕೃತಿಯ ಹಕ್ಕನ್ನು ಮುರಿದಿವೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. ಯಂತ್ರಗಳು ತಿರುಗುತ್ತಲೇ ಇದ್ದವು. 2023ರಲ್ಲಿ ಸಾಮಿ ಯುವಜನರು ಓಸ್ಲೋದ ಸಚಿವಾಲಯದೊಳಗೆ ಕೂತ ಮೇಲಷ್ಟೇ ಮಾತುಕತೆಗೆ ಬಿಸಿ ತಟ್ಟಿತು. ಶ್ರೀಮಂತ ದೇಶದಲ್ಲೂ ಗೆದ್ದ ಹಕ್ಕು ತಾನಾಗಿ ಮನೆಗೆ ಬರುವುದಿಲ್ಲ.

ನಮ್ಮಲ್ಲಿ ಇದೇ ಜಗಳ ಪಿಟಿಸಿಎಲ್ ಕಾಯ್ದೆಯ ಹೆಸರಿನಲ್ಲಿ ನಡೆದಿದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಅನುಮತಿಯಿಲ್ಲದೆ ಮಾರಾಟವಾಗಿದ್ದರೆ ಮರಳಿಸಬೇಕೆಂಬ 1978ರ ಕಾನೂನು ಅದು. ಅರ್ಜಿಯನ್ನು ಸಮಂಜಸ ಕಾಲಮಿತಿಯೊಳಗೆ ಹಾಕಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸಾಲುಸಾಲು ಪ್ರಕರಣಗಳು ಬಿದ್ದುಹೋದವು. 2023ರಲ್ಲಿ ಕರ್ನಾಟಕ ಕಾಲಮಿತಿಯನ್ನೇ ತೆಗೆದು ತಿದ್ದುಪಡಿ ತಂದಿತು. ಆಗಲೂ ವಾದ ಎರಡು. ಅನಕ್ಷರಸ್ಥನಿಗೆ ಮೋಸವಾದದ್ದೇ ಮೂವತ್ತು ವರ್ಷದ ಮೇಲೆ ತಿಳಿದರೆ ಅವನೇನು ಮಾಡಬೇಕು? ನಾಲ್ಕನೇ ಕೈಗೆ ಬಂದು ಕೊಂಡವನು ಎಷ್ಟು ವರ್ಷ ಹೆದರಿಕೊಂಡಿರಬೇಕು?

ನನ್ನ ಮಟ್ಟಿಗೆ ಎರಡೂ ಪ್ರಶ್ನೆ ಸಾಚಾ. ಆದರೆ ಮಾನಂದವಾಡಿಯ ವಿಷಯದಲ್ಲಿ ‘ಬಹಳ ಕಾಲವಾಯಿತು’ ಎಂಬ ವಾದಕ್ಕೆ ಒಂದು ದೋಷವಿದೆ. ಆ ಕಾಲ ಸುಮ್ಮನೆ ಕಳೆದದ್ದಲ್ಲ, ಕಳೆದದ್ದು ಸರ್ಕಾರ. ತಾನೇ ತಡಮಾಡಿ, ಆ ತಡವನ್ನೇ ಕಾರಣವಾಗಿ ತೋರಿಸಿ ಕಾನೂನು ಬದಲಿಸಿದರೆ ಲಾಭ ಯಾರಿಗೆ ಹೋಗುತ್ತದೆ ಎಂಬುದು ಸ್ಪಷ್ಟ. ಮತಗಳ ಲೆಕ್ಕವೂ ಅದಕ್ಕೆ ಒತ್ತಾಸೆ. 2011ರ ಜನಗಣತಿಯಲ್ಲಿ ವಯನಾಡಿನ ಜನಸಂಖ್ಯೆ 8,17,420. ಅದರಲ್ಲಿ ಪರಿಶಿಷ್ಟ ಪಂಗಡದವರು ಸುಮಾರು ಶೇ 18.5. ಕೇರಳದ ಜಿಲ್ಲೆಗಳ ಪೈಕಿ ಈ ಪಾಲು ಅತಿ ಹೆಚ್ಚು, ಆದರೂ ಸ್ವಂತ ಜಿಲ್ಲೆಯಲ್ಲೇ ಅವರು ಅಲ್ಪಸಂಖ್ಯಾತರು. 140 ಸ್ಥಾನಗಳ ವಿಧಾನಸಭೆಯಲ್ಲಿ ಅವರಿಗೆ ಮೀಸಲಾದ ಕ್ಷೇತ್ರಗಳು ಎರಡೇ, ಒಂದು ಮಾನಂದವಾಡಿ. ಇಲ್ಲಿಂದ ಗೆದ್ದ ಪಿ.ಕೆ. ಜಯಲಕ್ಷ್ಮಿ, ಒ.ಆರ್. ಕೇಳು ಸಚಿವರೂ ಆದರು. ಆದರೆ ಇಡೀ ಸದನ ಒಂದು ಕಡೆ ವಾಲಿದಾಗ ಒಂದೆರಡು ಸೀಟು ಅದನ್ನು ತಡೆಯಲಾರವು.

ಕಾನೂನು ಕೊಟ್ಟ ಮಾತು ನಡೆಯದಿದ್ದಾಗ ಬೀದಿ ಮಾತಾಡಿತು. ಮಾನಂದವಾಡಿ ಸಮೀಪದ ತೃಶ್ಶಿಲೇರಿಯ ಅಡಿಯ ಮನೆತನದ ಸಿ.ಕೆ. ಜಾನು 2001ರಲ್ಲಿ ತಿರುವನಂತಪುರದ ಸಚಿವಾಲಯದ ಎದುರು 48 ದಿನ ಗುಡಿಸಲು ಕಟ್ಟಿ ಕುಳಿತು ಹೋರಾಟ ನಡೆಸಿದರು. ಭೂಹೀನ ಕುಟುಂಬಕ್ಕೆ ಒಂದರಿಂದ ಐದು ಎಕರೆ ಕೊಡುತ್ತೇವೆ ಎಂದು ಎ.ಕೆ. ಆಂಟನಿ ಸರ್ಕಾರ ಒಪ್ಪಿತು. ಅದು ಜಾರಿಯಾಗದೆ 2003ರಲ್ಲಿ ಮುತ್ತಂಗ ಕಾಡಿಗೆ ನುಗ್ಗಿ ನೆಲೆಯೂರಿದ ಆದಿವಾಸಿಗಳ ಮೇಲೆ ಫೆಬ್ರುವರಿ 19ರಂದು ಗೋಲಿಬಾರ್ ಆಯಿತು. ಒಬ್ಬ ಆದಿವಾಸಿಯೂ ಒಬ್ಬ ಪೊಲೀಸ್ ಪೇದೆಯೂ ಸತ್ತರು. ಅಭಯಾರಣ್ಯದೊಳಗೆ ಹೋಗಿ ಕೂತದ್ದು ಸರಿಯೇ ಎಂದು ಕೇಳುವವರಿಗೆ, ಸರ್ಕಾರವೇ ಸಹಿ ಹಾಕಿದ ಒಪ್ಪಂದ ಏನಾಯಿತು ಎಂದೂ ಕೇಳುವ ಬಾಧ್ಯತೆ ಇದೆ.

ಬದಲಿ ಭೂಮಿ ಎಂದರೆ ಎಂಥ ಭೂಮಿ ಎಂಬುದು ಮುಂದಿನ ಮಾತು. ಕಣ್ಣೂರಿನ ಆರಳಂ ಫಾರ್ಮಿನಲ್ಲಿ ವಯನಾಡಿನ ಕುಟುಂಬಗಳಿಗೂ ಜಾಗ ಸಿಕ್ಕಿತು. ಅಲ್ಲಿ ಆನೆ ಕಾಟಕ್ಕೆ ಬೇಸತ್ತು ಬಿಟ್ಟುಬಂದವರಿದ್ದಾರೆ. 2025ರ ಫೆಬ್ರುವರಿಯಲ್ಲೂ ವೃದ್ಧ ಆದಿವಾಸಿ ದಂಪತಿ ಅಲ್ಲಿ ಆನೆಗೆ ಬಲಿಯಾದರು. ಎಕರೆಗೆ ಎಕರೆ ಸಮವಾದರೂ ನೀರು, ದಾರಿ, ದೈವದ ಕಾವು, ಹಿರಿಯರ ಸಮಾಧಿ ಸಮವಾಗುವುದಿಲ್ಲ. ಇನ್ನು ಕಾಗದವೇ ಇಲ್ಲದ ಪಣಿಯ, ಅಡಿಯ ಕುಟುಂಬಗಳಿಗೆ ‘ಕಳೆದುಕೊಂಡದ್ದು’ ಎಂದು ತೋರಿಸಲು ದಾಖಲೆಯಾದರೂ ಎಲ್ಲಿದೆ? ವಾಪಸಾತಿಯ ಕಾನೂನು ಹೆಚ್ಚೆಂದರೆ ಕುರಿಚ್ಯ, ಕುರುಮರಿಗೆ ಒದಗೀತು. ತೀರ ಕೆಳಗಿರುವವರಿಗೆ ಬೇಕಾದದ್ದು ಹೊಸದಾಗಿ ಭೂಮಿ.

ಭೂಮಿ ಎಲ್ಲಿದೆ ಎಂಬುದು ಅಧಿಕಾರಿಗಳ ಮಾಮೂಲಿ ಉತ್ತರ. 2024ರ ಜುಲೈ 30ರ ಮುಂಡಕ್ಕೈ–ಚೂರಲ್‌ಮಲ ಭೂಕುಸಿತದ ನಂತರ ಸಂತ್ರಸ್ತರಿಗಾಗಿ ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಸುಮಾರು 64 ಹೆಕ್ಟೇರ್ ಗುರುತಿಸಿ, ಕೋರ್ಟಿನಲ್ಲಿ ವಾದಿಸಿ, 2025ರ ಮಾರ್ಚ್‌ನಲ್ಲಿ ಟೌನ್‌ಶಿಪ್‌ಗೆ ಅಡಿಗಲ್ಲು ಹಾಕಲಾಯಿತು. ಅದು ತುರ್ತುಸ್ಥಿತಿ, ಬೇಕಾದದ್ದು ಮನೆಯಷ್ಟು ಜಾಗ, ಕುಟುಂಬಗಳೂ ಕಡಿಮೆ ಎಂಬುದು ನಿಜ. ಆದರೂ ಮನಸ್ಸು ಮಾಡಿದರೆ ವಯನಾಡಿನಲ್ಲೇ ಒಳ್ಳೆಯ ಭೂಮಿ ಎಂಟು ತಿಂಗಳಲ್ಲಿ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ.

ಹಾಗಾಗಿ ತೂಗಿ ನೋಡಿದರೆ ಸಣ್ಣ ವಲಸಿಗ ರೈತನನ್ನು ಎಬ್ಬಿಸಬಾರದು ಎಂಬ ಕಡೆಗೇ ನಾನು. ಅವನ ಮಕ್ಕಳು ಈಗ ನರ್ಸ್‌ಗಳಾಗಿ ಐರ್ಲೆಂಡ್, ಬ್ರಿಟನ್, ಜರ್ಮನಿಗಳಿಗೆ ಹೊರಟು ಅಲ್ಲಿನ ಕಾನೂನು ತಮ್ಮನ್ನು ಸಮಾನವಾಗಿ ಕಾಣಲಿ ಎಂದು ಬಯಸುವವರು. ವಲಸಿಗನಿಗೆ ಹಕ್ಕಿಲ್ಲ ಎಂಬ ಮಾತು ಎಲ್ಲೂ ಸಲ್ಲದು. ಆದರೆ ಅವನು ಉಳಿಯುವ ಬೆಲೆಯನ್ನು ಆದಿವಾಸಿ ತೆರುವುದು ‘ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ’ ಆಗುತ್ತದೆ. ಅದನ್ನು ತೆರಬೇಕಾದದ್ದು ಸರ್ಕಾರ, ಮತ್ತು ಎರಡು ಹೆಕ್ಟೇರ್ ಮೀರಿ ಹಿಡಿದವರು. 1999ರ ಕಾನೂನಿನ ಮೊದಲ ಅರ್ಧ, ಅಂದರೆ ವಲಸಿಗನ ಹಕ್ಕುಪತ್ರ ಗಟ್ಟಿಯಾಗುವುದು, ಕಾನೂನು ಬಂದ ದಿನವೇ ಜಾರಿಯಾಯಿತು. ಎರಡನೇ ಅರ್ಧಕ್ಕೆ ತಾರೀಕು ಇಲ್ಲ. ಬದಲಿ ಭೂಮಿ ಅರ್ಜಿದಾರನ ಹೆಸರಿಗೆ ನೋಂದಣಿಯಾದ ದಿನದಿಂದ ಮಾತ್ರ ಹಾಲಿ ಹಿಡುವಳಿ ಸಕ್ರಮ ಎಂದು ನಿಯಮವಿದ್ದಿದ್ದರೆ, ಇಬ್ಬರೂ ಒಟ್ಟಿಗೆ ಮಾನಂದವಾಡಿಯ ಆ ಉಪವಿಭಾಗ ಕಚೇರಿಯ ಬಾಗಿಲಲ್ಲಿ ನಿಂತು ಸರ್ಕಾರವನ್ನು ಅವಸರಪಡಿಸುತ್ತಿದ್ದರು. ಆ ನಿಯಮವನ್ನು ಈಗಲೂ ತರಬಹುದು.